ಟ್ರ್ಯಾಕ್ಟರ್ ಕೊಟ್ಟಿಗೆಗೆ ತಗಡಿನ ಚಾವಣಿ

ಟ್ರ್ಯಾಕ್ಟರು, ಟಿಲ್ಲರು, ಒಕ್ಕಣೆ ಯಂತ್ರ, ಔಷಧಿ ಸಿಂಪಡಿಸುವ ಪಂಪು ಮುಂತಾದವು ಇಂದು ಸಣ್ಣ ಹಿಡುವಳಿಗಳಿಗೂ ಬಂದಿವೆ. ಲಕ್ಷಗಟ್ಟಲೆ ರೂಪಾಯಿ ಕೊಟ್ಟು ಕೊಂಡ ಯಂತ್ರ ಅಂಗಳದಲ್ಲಿ ಮಳೆ ಬಿಸಿಲಿಗೆ ನಿಂತರೆ ಟೈರು ಬಿರಿಯುತ್ತದೆ, ವೈರಿನ ಹೊದಿಕೆ ಸೀಳುತ್ತದೆ, ನೇಗಿಲು ಕುಂಟೆಗಳು ತುಕ್ಕು ಹಿಡಿಯುತ್ತವೆ. ಆದ್ದರಿಂದ ಯಂತ್ರಕ್ಕೊಂದು ನೆರಳು ಮಾಡುವುದು ಅಗತ್ಯ. ಬೇಗ ಮುಗಿಯುವ, ಮನೆಯವರೇ ಸೇರಿ ಮಾಡಿಕೊಳ್ಳಬಹುದಾದ ಕೆಲಸವೆಂದು ಹೆಚ್ಚಿನ ರೈತರು ತಗಡಿನ ಚಾವಣಿಯನ್ನೇ ಆರಿಸುತ್ತಾರೆ.

ತಗಡಿನ ಚಾವಣಿ ಹಾಕುವುದು ಕಷ್ಟವಲ್ಲ. ಆದರೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಗಾಳಿಗೆ ತಗಡು ಹಾರಿಹೋದ ಸುದ್ದಿ ಪ್ರತಿವರ್ಷವೂ ಬರುತ್ತದೆ. ಹಾರಿದ ತಗಡು ಕತ್ತಿಯಂತೆ. ಅದರ ದಾರಿಯಲ್ಲಿ ಸಿಕ್ಕಿದ ಮನುಷ್ಯರಿಗೂ ದನಕರುಗಳಿಗೂ ಪ್ರಾಣಾಪಾಯ. ಈ ಹಾನಿಗೆ ಹೆಚ್ಚಿನ ಕಡೆ ಕಾರಣ ತಗಡಿನ ದೋಷವಲ್ಲ, ಅದನ್ನು ಹಿಡಿದಿಡುವ ಕಟ್ಟಿನ ದೋಷ. ಈ ಒಂದು ವಿಷಯವನ್ನು ಮನದಟ್ಟು ಮಾಡಿಕೊಂಡು ಕೆಲಸ ಮಾಡಿದರೆ ಚಾವಣಿ ಬಹುಕಾಲ ನಿಲ್ಲುತ್ತದೆ.

ಹೆಂಚಿಗೂ ತಗಡಿಗೂ ಇರುವ ವ್ಯತ್ಯಾಸ

ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಬಡಗಿಗಳ ಕೈ ಹೆಂಚಿನ ಕೆಲಸಕ್ಕೆ ಪಳಗಿತು. ಮಂಗಳೂರು ಹೆಂಚು ಒಂದೊಂದು 2ರಿಂದ 3 ಕಿಲೋ ತೂಗುತ್ತದೆ. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. ಅಂದರೆ ಚದರ ಮೀಟರಿಗೆ 30ರಿಂದ 45 ಕಿಲೋ ಭಾರ. ಅದು ತನ್ನ ಭಾರದಿಂದಲೇ ಕೂತಿರುತ್ತದೆ. ಜೊತೆಗೆ ಹೆಂಚುಗಳ ಸಂದಿನಲ್ಲಿ ಗಾಳಿ ಸ್ವಲ್ಪ ಸ್ವಲ್ಪ ನುಸುಳಿ ಹೋಗುವುದರಿಂದ ಒಳಗಿನ ಒತ್ತಡ ಕಡಿಮೆಯಾಗುತ್ತದೆ.

ತಗಡಿನ ರೀತಿ ಬೇರೆ. 0.5 ಮಿ.ಮೀ. ದಪ್ಪದ ತಗಡು ಚದರ ಮೀಟರಿಗೆ 5 ಕಿಲೋ ಕೂಡ ತೂಗುವುದಿಲ್ಲ. ಗಾಳಿ ನುಸುಳಲು ಅದರಲ್ಲಿ ಸಂದೂ ಇಲ್ಲ. ಹೆಂಚಿನ ಚಾವಣಿಯಲ್ಲಿ ಕೇಳಬೇಕಾದ ಪ್ರಶ್ನೆ 'ಮರ ಭಾರ ಹೊರುತ್ತದೆಯೇ?' ಎಂಬುದು. ತಗಡಿನ ಚಾವಣಿಯಲ್ಲಿ ಕೇಳಬೇಕಾದುದು 'ಕಟ್ಟು ತಗಡನ್ನು ಕೆಳಗೆ ಹಿಡಿದಿಡುತ್ತದೆಯೇ?' ಎಂಬುದು. ಹಳೆಯ ಕೊಟ್ಟಿಗೆಯ ಹೆಂಚು ಇಳಿಸಿ, ಅದೇ ರೀಪಿನ ಮೇಲೆ ಮೊಳೆ ಹೊಡೆದು ತಗಡು ಹೊದಿಸುವವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ. ಅಂಥ ಚಾವಣಿ ಹಾರುವುದು ಸಹಜ.

ಗಾಳಿಯ ಲೆಕ್ಕ

ಕಟ್ಟಡಗಳ ಮೇಲಿನ ಗಾಳಿಯ ಒತ್ತಡವನ್ನು ಲೆಕ್ಕ ಹಾಕಲು ಭಾರತೀಯ ಮಾನಕ 875ರ ಮೂರನೆಯ ಭಾಗವಿದೆ. ಅದರ ಪ್ರಕಾರ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರು, ಎಂದರೆ ಗಂಟೆಗೆ ಸುಮಾರು 119 ಕಿಲೋಮೀಟರು. ಮಂಗಳೂರಿಗೆ ಸೆಕೆಂಡಿಗೆ 39 ಮೀಟರು, ಎಂದರೆ ಗಂಟೆಗೆ ಸುಮಾರು 140 ಕಿಲೋಮೀಟರು. ಇದು ದಿನನಿತ್ಯದ ಗಾಳಿಯಲ್ಲ. 50 ವರ್ಷಗಳಲ್ಲಿ ಒಮ್ಮೆ ಬರಬಹುದಾದ ಬಿರುಗಾಳಿಯ ಹೊಡೆತ. ಆದರೆ ಚಾವಣಿ ಹಾರಿಹೋಗಲು ಆ ಒಂದು ಹೊಡೆತವೇ ಸಾಕು.

ಸೆಕೆಂಡಿಗೆ 33 ಮೀಟರು ವೇಗದ ಗಾಳಿ ಚದರ ಮೀಟರಿಗೆ ಸುಮಾರು 66 ಕಿಲೋ ಭಾರದಷ್ಟು ಒತ್ತಡ ಕೊಡುತ್ತದೆ. ವೇಗ 39 ಮೀಟರಾದರೆ ಒತ್ತಡ ಸುಮಾರು 93 ಕಿಲೋ. ವೇಗ ಎರಡು ಪಾಲಾದರೆ ಒತ್ತಡ ನಾಲ್ಕು ಪಾಲಾಗುತ್ತದೆ ಎಂಬುದನ್ನು ನೆನಪಿಡಬೇಕು.

ಗಾಳಿ ಚಾವಣಿಯ ಮೇಲೆ ಹಾದುಹೋಗುವಾಗ ಅದನ್ನು ಮೇಲಕ್ಕೆ ಹೀರುತ್ತದೆ. ಮೂರು ಕಡೆ ಗೋಡೆಯಿದ್ದು ಒಂದು ಕಡೆ ತೆರೆದ ಕೊಟ್ಟಿಗೆಯಾದರೆ ಒಳನುಗ್ಗಿದ ಗಾಳಿ ಕೆಳಗಿನಿಂದಲೂ ತಳ್ಳುತ್ತದೆ. ಚೀಲದ ಬಾಯಿ ಗಾಳಿಗೆ ಹಿಡಿದರೆ ಉಬ್ಬುವಂತೆಯೇ ಇದು. ಅಂಚು ಮತ್ತು ಮೂಲೆಗಳಲ್ಲಿ ಈ ಎಳೆತ ನಡುಭಾಗಕ್ಕಿಂತ ಹೆಚ್ಚು.

ಒಂದು ಟ್ರ್ಯಾಕ್ಟರು ಮತ್ತು ಅದರ ಉಪಕರಣಗಳಿಗೆ ಸಾಕಾಗುವ ಕೊಟ್ಟಿಗೆಯ ಚಾವಣಿ ಸುಮಾರು 26 ಚದರ ಮೀಟರು ಇರುತ್ತದೆ. ಅದರ ತಗಡುಗಳ ಒಟ್ಟು ತೂಕ ಸುಮಾರು 120 ಕಿಲೋ. ಮೇಲೆ ಹೇಳಿದ ಬಿರುಗಾಳಿಯ ಒತ್ತಡವೆಲ್ಲ ಎತ್ತುವ ಕಡೆಗೆ ತಿರುಗಿದರೆ ಆಗುವ ಎಳೆತ ಬೆಂಗಳೂರಿನ ಲೆಕ್ಕದಲ್ಲಿ ಸುಮಾರು 1,700 ಕಿಲೋ, ಮಂಗಳೂರಿನ ಲೆಕ್ಕದಲ್ಲಿ ಸುಮಾರು 2,400 ಕಿಲೋ. ಚಾವಣಿಯ ಮೇಲೆ ಇಪ್ಪತ್ತು ಕಲ್ಲು ಹೇರಿದರೂ ಇದಕ್ಕೆ ಸಾಲದು. ಗಾಳಿಗೆ ಉರುಳಿದ ಕಲ್ಲು ಕೆಳಗಿರುವವರ ತಲೆಯ ಮೇಲೆ ಬೀಳುವುದು ಬೇರೆ. ಕಲ್ಲು ಹೇರುವ ಪದ್ಧತಿಯನ್ನು ಬಿಡಬೇಕು.

ಈ ಎಳೆತವನ್ನು ತಗಡಿನಿಂದ ಸ್ಕ್ರೂ, ಸ್ಕ್ರೂವಿನಿಂದ ಪರ್ಲಿನ್, ಪರ್ಲಿನ್‌ನಿಂದ ತೊಲೆ, ತೊಲೆಯಿಂದ ಕಂಬ, ಕಂಬದಿಂದ ಅಡಿಪಾಯ, ಹೀಗೆ ಒಂದೊಂದಾಗಿ ಹಿಡಿದು ನೆಲಕ್ಕೆ ಮುಟ್ಟಿಸಬೇಕು. ಇದೊಂದು ಸರಪಳಿ. ಯಾವ ಕೊಂಡಿ ಸಡಿಲವಾಗಿದೆಯೋ ಅಲ್ಲೇ ಕಿತ್ತುಹೋಗುತ್ತದೆ. ತೊಲೆಯೆಂದರೆ ಹಿಂದಿನ ಕಂಬದಿಂದ ಮುಂದಿನ ಕಂಬಕ್ಕೆ ಇಳಿಜಾರಾಗಿ ಕೂರುವ ಕಂಬಿ. ಪರ್ಲಿನ್ ಎಂದರೆ ತೊಲೆಗಳ ಮೇಲೆ ಅಡ್ಡಲಾಗಿ ಕೂತು ತಗಡನ್ನು ಹಿಡಿಯುವ ಕಂಬಿ.

ಸ್ಥಳ ಮತ್ತು ದಿಕ್ಕು

ತೆಂಗಿನ ಮರದ ಅಡಿ, ಒಣಗಿದ ಕೊಂಬೆಗಳ ಅಡಿ ಮತ್ತು ವಿದ್ಯುತ್ ತಂತಿಗಳ ಕೆಳಗೆ ಕೊಟ್ಟಿಗೆ ಕಟ್ಟಕೂಡದು. ಸುತ್ತಲಿಗಿಂತ ಎತ್ತರವಾದ, ನೀರು ನಿಲ್ಲದ ಜಾಗ ಬೇಕು. ಮುಂಗಾರು ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವುದರಿಂದ ತೆರೆದ ಭಾಗ ಪೂರ್ವಕ್ಕಿರಲಿ. ಚಾವಣಿಯ ತಗ್ಗಿನ ಸೂರು ಪಶ್ಚಿಮಕ್ಕೆ ಬರಲಿ. ಆದರೆ ಬೇಸಿಗೆಯ ಗುಡುಗು ಮಳೆಯ ಗಾಳಿ ಯಾವ ದಿಕ್ಕಿನಿಂದಲಾದರೂ ಬರಬಹುದು. ಆದುದರಿಂದ ದಿಕ್ಕು ಸರಿಯಿದೆಯೆಂದು ಕಟ್ಟನ್ನು ಸಡಿಲ ಮಾಡಬಾರದು.

ತಗಡಿನ ಆಯ್ಕೆ

ತಗಡಿಗೆ ಆಯುಸ್ಸು ಕೊಡುವುದು ಅದರ ಮೇಲಿನ ಸತುವಿನ ಲೇಪ. ಈ ಲೇಪವನ್ನು ಎರಡೂ ಮಗ್ಗುಲು ಸೇರಿ ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಹೇಳುತ್ತಾರೆ. 275 ಗ್ರಾಂ ಲೇಪವಿದ್ದರೆ ಒಂದೊಂದು ಮಗ್ಗುಲಿಗೆ ಸುಮಾರು 20 ಮೈಕ್ರಾನ್ ಸತುವು ಬರುತ್ತದೆ; 120 ಗ್ರಾಂ ಇದ್ದರೆ ಅದರ ಅರ್ಧಕ್ಕಿಂತಲೂ ಕಡಿಮೆ. ನೋಡಲು ಎರಡೂ ಒಂದೇ ರೀತಿ ಹೊಳೆಯುತ್ತವೆ. ಆದ್ದರಿಂದ ಹೊಳಪು ನೋಡಿ ಕೊಳ್ಳದೆ ಲೇಪದ ಗ್ರಾಂ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಐ.ಎಸ್.ಐ. ಗುರುತು ಇರುವುದನ್ನೇ ಕೊಳ್ಳುವುದು ಒಳ್ಳೆಯದು. ಶೇಕಡ 55 ಅಲ್ಯೂಮಿನಿಯಂ ಬೆರೆತ ಲೇಪದ ತಗಡು ಮತ್ತು ಕಾರ್ಖಾನೆಯಲ್ಲೇ ಬಣ್ಣ ಹಾಕಿದ ತಗಡು ಕೂಡ ದೊರೆಯುತ್ತವೆ.

ದಪ್ಪವನ್ನು ಗೇಜಿನಲ್ಲಿ ಕೇಳಿದರೆ ಸಾಲದು, ಮಿ.ಮೀ.ನಲ್ಲಿ ಕೇಳಬೇಕು. ಕೊಟ್ಟಿಗೆಗೆ 0.5 ಮಿ.ಮೀ. ತಗಡು ಸೂಕ್ತ. ತೀರ ತೆಳುವಾದ ತಗಡು ಸ್ಕ್ರೂವಿನ ಸುತ್ತ ಬೇಗ ಹರಿಯುತ್ತದೆ.

ತಗಡು ತಂದ ಮೇಲೆ ಕಟ್ಟುಗಳನ್ನು ನೆಲದ ಮೇಲೆ ಮಲಗಿಸಿ ಇಡಬಾರದು. ಹಾಳೆಗಳ ನಡುವೆ ನೀರು ಸೇರಿದರೆ ಬಿಳಿ ತುಕ್ಕು ಹಿಡಿದು ಲೇಪ ಕೆಡುತ್ತದೆ. ಮರದ ತುಂಡುಗಳ ಮೇಲೆ, ಒಂದು ತುದಿ ಎತ್ತರವಾಗುವಂತೆ, ಒಣ ಜಾಗದಲ್ಲಿ ಇಡಬೇಕು.

ಮೊದಲು ತಗಡು, ಆಮೇಲೆ ಕಂಬ

ಕಂಬ ನೆಟ್ಟ ಮೇಲೆ ತಗಡು ತಂದರೆ ಒಂದು ತಗಡು ಸೀಳಬೇಕಾಗುತ್ತದೆ, ಇಲ್ಲವೆ ಅಂಚು ಸಾಲದೆ ಬರುತ್ತದೆ. ತಗಡಿನ ಪೂರ್ತಿ ಅಗಲ ಬೇರೆ, ಒಂದರ ಮೇಲೊಂದು ಹೊದಿಸಿದ ಮೇಲೆ ಉಳಿಯುವ ಅಗಲ ಬೇರೆ. ಚೌಕ ಉಬ್ಬಿನ ತಗಡು ಸಾಮಾನ್ಯವಾಗಿ ಸುಮಾರು 107 ಸೆಂ.ಮೀ. ಅಗಲವಿದ್ದು, ಹೊದಿಸಿದ ಮೇಲೆ ಸುಮಾರು 100 ಸೆಂ.ಮೀ. ಉಳಿಯುತ್ತದೆ. ಅಂಗಡಿಯಲ್ಲಿ ಟೇಪು ಹಿಡಿದು ಅಳೆದು, ಆಮೇಲೆ ಕಂಬದ ಅಂತರ ನಿಶ್ಚಯಿಸಬೇಕು.

ಉದಾಹರಣೆಗೆ, 14 ಅಡಿ ಉದ್ದದ ಆರು ತಗಡುಗಳು ಅಕ್ಕಪಕ್ಕ ಹೊದಿಸಿದಾಗ ಸುಮಾರು 20 ಅಡಿ ಅಗಲ ಮುಚ್ಚುತ್ತವೆ. ಇದಕ್ಕೆ ಕಂಬಗಳ ಸಾಲು 18½ ಅಡಿ ಉದ್ದವಿರಲಿ. ಎರಡು ಸಾಲುಗಳ ನಡುವೆ 12 ಅಡಿ ಇರಲಿ. ಪ್ರತಿ ಸಾಲಿನಲ್ಲಿ 9 ಅಡಿ 3 ಅಂಗುಲಕ್ಕೊಂದರಂತೆ ಮೂರು ಕಂಬ, ಒಟ್ಟು ಆರು. ಒಂದು ಅಂಕಣದಲ್ಲಿ ಟ್ರ್ಯಾಕ್ಟರು, ಇನ್ನೊಂದರಲ್ಲಿ ಉಪಕರಣಗಳು ನಿಲ್ಲುತ್ತವೆ.

ಬಯಲುಸೀಮೆಯಲ್ಲಿ 5 ಅಡಿಗೆ 1 ಅಡಿ ಇಳಿಜಾರು ಸಾಕು. ಹಿಂದಿನ ಕಂಬ 8 ಅಡಿಯಾದರೆ ಮುಂದಿನದು 10 ಅಡಿ 5 ಅಂಗುಲ. ಮಲೆನಾಡು ಮತ್ತು ಕರಾವಳಿಯಲ್ಲಿ 3 ಅಡಿಗೆ 1 ಅಡಿ ಇಳಿಜಾರು ಬೇಕು; ಆಗ ಮುಂದಿನ ಕಂಬ 12 ಅಡಿ. ಎರಡಕ್ಕೂ 14 ಅಡಿ ತಗಡೇ ಸಾಕಾಗಿ, ಹಿಂದೆ ಮುಂದೆ 8ರಿಂದ 10 ಅಂಗುಲ ಸೂರು ಉಳಿಯುತ್ತದೆ. ಸೂರು ಇದಕ್ಕಿಂತ ಹೆಚ್ಚು ಚಾಚಿದರೆ ಗಾಳಿಗೆ ಹಿಡಿ ಕೊಟ್ಟಂತಾಗುತ್ತದೆ. ಉದ್ದಕ್ಕೆ ಒಂದೇ ತಗಡು ಬಳಸಿದರೆ ನಡುವೆ ಜೋಡಣೆಯೇ ಇಲ್ಲದೆ ಸೋರುವ ಭಯ ತಪ್ಪುತ್ತದೆ. ಎರಡು ತಗಡು ಸೇರಿಸಲೇಬೇಕಾದರೆ ಮೇಲಿನದು ಕೆಳಗಿನದರ ಮೇಲೆ ಕನಿಷ್ಠ 6 ಅಂಗುಲ ಕೂತಿರಬೇಕು, ಆ ಜೋಡಣೆ ಪರ್ಲಿನ್ ಮೇಲೆಯೇ ಬರಬೇಕು.

ಅಡಿಪಾಯ ಮತ್ತು ಚೌಕಟ್ಟು

ಕಂಬದ ಗುಂಡಿಗಳನ್ನು ಗುರುತು ಮಾಡುವಾಗ ಮೂಲೆಯಿಂದ ಮೂಲೆಗೆ ಅಳೆಯಬೇಕು. ಮೇಲಿನ ಅಳತೆಗೆ ಎರಡೂ ಕರ್ಣಗಳು 22 ಅಡಿ ಅರ್ಧ ಅಂಗುಲ ಬಂದರೆ ಮೂಲೆಗಳು ಸರಿಯಾಗಿವೆ. ಇಲ್ಲಿ ತಪ್ಪಿದರೆ ಮೇಲೆ ತಗಡು ಓರೆಯಾಗುತ್ತದೆ.

ನಡುವಣ ಎರಡು ಕಂಬಗಳು ಚಾವಣಿಯ ಅರ್ಧ ಭಾಗವನ್ನು ಹಿಡಿಯುತ್ತವೆ. 1,700 ಕಿಲೋ ಎಳೆತದಲ್ಲಿ ಒಂದೊಂದರ ಪಾಲಿಗೆ 425 ಕಿಲೋ ಬರುತ್ತದೆ. ಮೂಲೆಯ ಕಂಬಕ್ಕೆ ಇದರ ಅರ್ಧ. ಒಂದು ಘನ ಅಡಿ ಕಾಂಕ್ರೀಟು ಸುಮಾರು 68 ಕಿಲೋ ತೂಗುತ್ತದೆ. ನಡುವಣ ಕಂಬಕ್ಕೆ 2 ಅಡಿ ಉದ್ದ, 2 ಅಡಿ ಅಗಲ, 3 ಅಡಿ ಆಳದ ಗುಂಡಿಯಲ್ಲಿ ಕಾಂಕ್ರೀಟು ತುಂಬಿದರೆ ಅದರ ತೂಕ ಸುಮಾರು 816 ಕಿಲೋ. ಮೂಲೆಯ ಕಂಬಕ್ಕೆ ಒಂದೂವರೆ ಅಡಿ ಚೌಕ, 3 ಅಡಿ ಆಳ ತೆಗೆದರೆ ಸುಮಾರು 459 ಕಿಲೋ. ಇದು ಕರಾವಳಿಯ ಗಾಳಿಗೂ ಸಾಕು. ಕಂಬದ ಬುಡಕ್ಕೆ ಅಡ್ಡಲಾಗಿ ಕಬ್ಬಿಣದ ಸರಳು ಬೆಸೆದಿದ್ದರೆ ಅದು ಕಾಂಕ್ರೀಟಿನಿಂದ ಕಿತ್ತು ಬರುವುದಿಲ್ಲ. ಬರೀ ಮಣ್ಣು ಜಲ್ಲಿ ತುಂಬಿ ತುಳಿದ ಕಂಬ, ಮಳೆಗೆ ನೆಲ ನೆನೆದಾಗ, ಎಂದರೆ ಗಾಳಿ ಜೋರಾದ ಹೊತ್ತಿನಲ್ಲೇ, ಸಡಿಲವಾಗುತ್ತದೆ.

ಕಂಬ ಮತ್ತು ತೊಲೆಯ ಗಾತ್ರವನ್ನು ಊರಿನ ಗಾಳಿವೇಗ ತಿಳಿಸಿ ಇಂಜಿನಿಯರರಿಂದ ಗೊತ್ತುಮಾಡಿಕೊಳ್ಳಬೇಕು. ಅಂಗಡಿಯವರ ಮಾತಿಗೆ ಬಿಡಬಾರದು. ಮೂರು ತೊಲೆಗಳ ಮೇಲೆ ನಾಲ್ಕು ಪರ್ಲಿನ್ ಕೂಡಿಸಿದರೆ ಅವುಗಳ ನಡುವಿನ ಅಂತರ ಸುಮಾರು 4 ಅಡಿ ಬರುತ್ತದೆ. ಪರ್ಲಿನ್ ತೊಲೆಗೆ ಮುಟ್ಟುವ ಕಡೆಯಲ್ಲೆಲ್ಲ ಎರಡೂ ಮಗ್ಗುಲು ಪೂರ್ತಿ ಬೆಸುಗೆ ಹಾಕಿಸಬೇಕು, ಇಲ್ಲವೆ ಎಲ್ ಪಟ್ಟಿಯಿಟ್ಟು ಎರಡು ಬೋಲ್ಟು ಬಿಗಿಯಬೇಕು. ಒಂದೊಂದು ಚುಕ್ಕಿ ಬೆಸುಗೆ ಭಾರ ಹೊರಲು ಸಾಕಾಗಬಹುದು, ಎಳೆತ ತಡೆಯಲು ಸಾಲದು. ಕಂಬ ಓಲಾಡದಂತೆ ಮೂಲೆಗಳಿಗೆ ಓರೆ ಕಂಬಿ ಕೊಡಬೇಕು.

ತಗಡು ಹೊದಿಸುವ ಮೊದಲೇ ಚೌಕಟ್ಟಿಗೆಲ್ಲ ತುಕ್ಕು ನಿರೋಧಕ ಬಣ್ಣ ಬಳಿಯಬೇಕು. ಆಮೇಲೆ ಪರ್ಲಿನ್‌ನ ಮೇಲ್ಮೈಗೆ ಕೈ ಹೋಗುವುದಿಲ್ಲ.

ತಗಡು ಹೊದಿಸುವ ಕ್ರಮ

ತಗಡನ್ನು ಮಳೆಗಾಳಿ ಬರುವ ದಿಕ್ಕಿಗೆ ಎದುರು ತುದಿಯಿಂದ ಹೊದಿಸುತ್ತ ಬರಬೇಕು. ಕೊಟ್ಟಿಗೆ ಪೂರ್ವಕ್ಕೆ ಮುಖ ಮಾಡಿದ್ದರೆ ಉತ್ತರದ ತುದಿಯಿಂದ ಆರಂಭಿಸಿ ದಕ್ಷಿಣಕ್ಕೆ ಬರುವುದು ಸರಿ. ಆಗ ಹೊಸದಾಗಿ ಇಡುವ ತಗಡು ಹಿಂದಿನದರ ಮೇಲೆ ಕೂತು, ಜೋಡಣೆಯ ಬಾಯಿ ಗಾಳಿಗೆ ಬೆನ್ನು ಮಾಡಿರುತ್ತದೆ. ಚೌಕ ಉಬ್ಬಿನ ತಗಡಿನಲ್ಲಿ ಒಂದು ಉಬ್ಬು ಒಂದರ ಮೇಲೊಂದು ಕೂತರೆ ಸಾಕು. ಅಲೆ ತಗಡಿನಲ್ಲಿ ಒಂದೂವರೆಯಿಂದ ಎರಡು ಅಲೆ ಕೂರಬೇಕು.

ಸೂರಿನ ಉದ್ದಕ್ಕೂ ನೂಲು ಕಟ್ಟಿ, ಮೊದಲ ತಗಡು ಆ ನೂಲಿಗೆ ಮೂಲೆಮಟ್ಟವಾಗಿದೆಯೇ ಎಂದು ನೋಡಬೇಕು. ಮೊದಲ ತಗಡಿನಲ್ಲಿ ಅರ್ಧ ಅಂಗುಲ ಓರೆಯಾದರೆ ಆರನೆಯದಕ್ಕೆ ಬರುವ ಹೊತ್ತಿಗೆ ಅದು ಮೂರು ಅಂಗುಲವಾಗುತ್ತದೆ. ಆಗ ಎಳೆದು ಸರಿಮಾಡಲು ಬರುವುದಿಲ್ಲ. ಮೊದಲ ತಗಡಿಗೆ ಅರ್ಧ ಗಂಟೆ ಹಿಡಿದರೂ ಚಿಂತೆಯಿಲ್ಲ.

ತಗಡು ಕತ್ತರಿಸಲು ಕೈಕತ್ತರಿ ಬಳಸಬೇಕು. ಗ್ರೈಂಡರಿನಿಂದ ಕತ್ತರಿಸಿದರೆ ಅಂಚಿನ ಲೇಪ ಸುಡುತ್ತದೆ. ಅದರ ಕಿಡಿ ಬಿದ್ದಲ್ಲೆಲ್ಲ ತುಕ್ಕಿನ ಚುಕ್ಕೆ ಏಳುತ್ತದೆ. ಸ್ಕ್ರೂ ಕೊರೆದಾಗ ಉದುರುವ ಕಬ್ಬಿಣದ ಪುಡಿಯನ್ನು ಅದೇ ದಿನ ಗುಡಿಸಿ ತೆಗೆಯಬೇಕು.

ಸ್ಕ್ರೂ ಹಾಕುವುದು

ಕಬ್ಬಿಣದ ಪರ್ಲಿನ್‌ಗೆ ತಾನೇ ಕೊರೆದುಕೊಂಡು ಹೋಗುವ, ರಬ್ಬರು ವಾಷರ್ ಇರುವ ಸ್ಕ್ರೂ ಅನುಕೂಲ. ಮರದ ಪರ್ಲಿನ್ ಆದರೆ ಮರಕ್ಕೆ ತಕ್ಕ ಉದ್ದನೆಯ ಸ್ಕ್ರೂ ಅಥವಾ ಪರ್ಲಿನ್ ಅನ್ನು ಬಳಸಿ ಹಿಡಿಯುವ ಜೆ ಹುಕ್ಕು ಹಾಕಬೇಕು. ನುಣುಪು ಮೊಳೆ ಮರ ಒಣಗಿದಂತೆ ಸಡಿಲವಾಗಿ ಮೇಲೆ ಬರುತ್ತದೆ.

ಸ್ಕ್ರೂವನ್ನು ಉಬ್ಬಿನ ಮೇಲೆ ಹಾಕಬೇಕು. ತಗ್ಗಿನಲ್ಲಿ ನೀರು ಹರಿಯುತ್ತದೆ. ಉಬ್ಬಿನ ಎತ್ತರವನ್ನು ಕಳೆದು ಪರ್ಲಿನ್‌ನೊಳಗೆ ಪೂರ್ತಿ ಇಳಿಯುವಷ್ಟು ಉದ್ದವಿರಬೇಕು. ವಾಷರ್ ಸ್ವಲ್ಪ ಒತ್ತಿ ಕೂತರೆ ಸಾಕು. ಅದು ಹೊರಕ್ಕೆ ಪಿಚ್ಚನೆ ಚಾಚುವಷ್ಟು ಬಿಗಿದರೆ ರಬ್ಬರು ಬೇಗ ಸೀಳುತ್ತದೆ, ಉಬ್ಬು ಕುಸಿದು ನೀರು ನಿಲ್ಲುತ್ತದೆ.

ಸೂರಿನ ಮತ್ತು ಮೇಲಿನ ಅಂಚಿನ ಪರ್ಲಿನ್‌ಗಳಲ್ಲಿ ಪ್ರತಿ ಉಬ್ಬಿಗೂ ಒಂದು, ನಡುವಣ ಎರಡು ಪರ್ಲಿನ್‌ಗಳಲ್ಲಿ ಉಬ್ಬು ಬಿಟ್ಟು ಉಬ್ಬಿಗೆ ಒಂದು ಸ್ಕ್ರೂ ಬೇಕು. ಎರಡು ತುದಿಯ ತಗಡುಗಳಿಗೆ ಎಲ್ಲ ಪರ್ಲಿನ್‌ನಲ್ಲೂ ಪ್ರತಿ ಉಬ್ಬಿಗೆ ಹಾಕಬೇಕು. ಐದು ಉಬ್ಬಿನ ಆರು ತಗಡಿಗೆ ಇದು ಸುಮಾರು 105 ಸ್ಕ್ರೂ. ಮೇಲೆ ಹೇಳಿದ 1,700 ಕಿಲೋ ಎಳೆತ ಹಂಚಿಹೋದರೆ ಒಂದೊಂದಕ್ಕೆ ಸುಮಾರು 16 ಕಿಲೋ. ಪ್ರತಿ ತಗಡಿಗೆ ಪರ್ಲಿನ್‌ಗೆ ಎರಡರಂತೆ ಹಾಕಿ ಮುಗಿಸಿದರೆ ಸ್ಕ್ರೂ 48 ಮಾತ್ರ, ಒಂದೊಂದರ ಮೇಲೆ ಸುಮಾರು 35 ಕಿಲೋ. ಉಳಿಸಿದ ಐವತ್ತು ಅರವತ್ತು ಸ್ಕ್ರೂಗಳ ಬೆಲೆ ಒಂದು ತಗಡಿನ ಬೆಲೆಗೆ ಸಮನಾಗುವುದಿಲ್ಲ.

ಸ್ಕ್ರೂ ಗಟ್ಟಿಯಿದ್ದರೂ ತಗಡು ಹರಿಯುವುದುಂಟು. ಗಾಳಿಗೆ ತಗಡು ಪಟಪಟನೆ ಬಡಿದುಕೊಂಡಾಗ ಸ್ಕ್ರೂವಿನ ಸುತ್ತ ಸಣ್ಣ ಬಿರುಕು ಹುಟ್ಟಿ ದೊಡ್ಡದಾಗುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ತುಂಡಾಗುವಂತೆ. 1974ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ಡಾರ್ವಿನ್ ನಗರಕ್ಕೆ ಟ್ರೇಸಿ ಚಂಡಮಾರುತ ಬಡಿದು ಹೆಚ್ಚಿನ ಮನೆಗಳು ನಾಶವಾದವು. ತಗಡಿನ ಚಾವಣಿಗಳು ಹೀಗೆ ಸ್ಕ್ರೂ ಮೊಳೆಗಳ ಸುತ್ತ ದಣಿದು ಬಿರಿದದ್ದು ತಪಾಸಣೆಯಲ್ಲಿ ಕಂಡುಬಂದಿತು. ಆದುದರಿಂದ ಗಾಳಿಯಲ್ಲಿ ಸದ್ದು ಮಾಡುವ ತಗಡನ್ನು ಉಪೇಕ್ಷಿಸಕೂಡದು. ಆ ಸದ್ದೇ ಮುನ್ಸೂಚನೆ.

ಪಕ್ಕದ ಜೋಡಣೆಗಳನ್ನು ಪರ್ಲಿನ್‌ಗಳ ನಡುವೆ ಚಿಕ್ಕ ಸ್ಕ್ರೂಗಳಿಂದ ಒಂದೂವರೆ ಅಡಿಗೊಂದರಂತೆ ಹೊಲಿಯಬೇಕು. ಎರಡು ತುದಿಗಳಿಗೂ ಮೇಲಿನ ಅಂಚಿಗೂ ಮಡಿಸಿದ ಅಂಚು ತಗಡು ಹಾಕಿದರೆ ಗಾಳಿ ಅಡಿಗೆ ನುಗ್ಗುವುದಿಲ್ಲ.

ಕೆಲಸಗಾರರ ಸುರಕ್ಷತೆ

14 ಅಡಿಯ ಒಂದು ತಗಡು ಸುಮಾರು 20 ಕಿಲೋ ತೂಗುತ್ತದೆ. ಗಂಟೆಗೆ 36 ಕಿಲೋಮೀಟರು ವೇಗದ ಗಾಳಿ ಅದನ್ನು 28 ಕಿಲೋ ಬಲದಿಂದ ತಳ್ಳಬಲ್ಲದು. ಆದ್ದರಿಂದ ಗಾಳಿಯಿಲ್ಲದ ಬೆಳಗಿನ ಹೊತ್ತಿನಲ್ಲಿ ಕೆಲಸ ಮಾಡಬೇಕು. ತಗಡು ಮೇಲೇರಿಸಲು ಕೆಳಗೆ ಇಬ್ಬರು, ಮೇಲೆ ಒಬ್ಬರು ಬೇಕು. ಒಬ್ಬರೇ ಸಾಹಸ ಮಾಡಬಾರದು. ಒಂದು ತಗಡಿನ ಸ್ಕ್ರೂ ಪೂರ್ತಿ ಮುಗಿಯದೆ ಇನ್ನೊಂದನ್ನು ಏರಿಸಬಾರದು. ಅರ್ಧ ಕಟ್ಟಿದ ಚಾವಣಿಯನ್ನು ಬಿಟ್ಟು ಸಂಜೆ ಮನೆಗೆ ಹೋಗಬಾರದು.

ಕಾಲಿಡುವುದು ಪರ್ಲಿನ್ ಇರುವ ಸಾಲಿನಲ್ಲಿ ಮಾತ್ರ. ಹಲಗೆ ಹಾಸಿಕೊಂಡರೆ ಇನ್ನೂ ಒಳ್ಳೆಯದು. ಸೊಂಟಕ್ಕೆ ಹಗ್ಗ, ಕೈಗೆ ಗವಸು, ಜಾರದ ಚಪ್ಪಲಿ ಇರಲಿ. ಇಬ್ಬನಿ ಬಿದ್ದ ತಗಡಿನ ಮೇಲೆ ಹತ್ತಕೂಡದು. ಹತ್ತಿರ ವಿದ್ಯುತ್ ತಂತಿಯಿದ್ದರೆ ಲೈನು ಬಂದ್ ಮಾಡಿಸಿಯೇ ತಗಡು ಎತ್ತಬೇಕು. ಕೊಟ್ಟಿಗೆಯೊಳಗೆ ದೀಪದ ವೈರು ಪೈಪಿನೊಳಗೆ ಇರಲಿ, ಚೌಕಟ್ಟಿಗೆ ಅರ್ಥಿಂಗ್ ಮಾಡಿಸಲಿ. ಮೋಟಾರಿನ ವೈರನ್ನು ತಗಡಿನ ಮೇಲೆ ಎಳೆಯುವುದು ಬಹು ಅಪಾಯಕಾರಿ.

ನಿರ್ವಹಣೆ

ವರ್ಷಕ್ಕೊಮ್ಮೆ, ಶಿವರಾತ್ರಿ ಕಳೆದ ಮೇಲೆ, ಬೇಸಿಗೆ ಮಳೆಗೆ ಮುಂಚೆ ಚಾವಣಿಯನ್ನು ತಪಾಸಣೆ ಮಾಡಬೇಕು. ಸಡಿಲವಾದ ಸ್ಕ್ರೂ ಬಿಗಿಯಬೇಕು. ತೂತು ಅಗಲವಾಗಿದ್ದರೆ ಇನ್ನೂ ದಪ್ಪನೆಯ ಸ್ಕ್ರೂ ಹಾಕಬೇಕು. ಸೀಳಿದ ವಾಷರ್ ಬದಲಾಯಿಸಬೇಕು. ಸೇರಿದ ಎಲೆ ಕಸ ತೇವ ಹಿಡಿದು ತುಕ್ಕು ತರುವುದರಿಂದ ಗುಡಿಸಬೇಕು. ಬೆಸುಗೆಯ ಕಡೆ ತುಕ್ಕು ಕಂಡರೆ ಉಜ್ಜಿ ಬಣ್ಣ ಬಳಿಯಬೇಕು.

ಅಡಿಕೆ ತೋಟದವರು ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಮೈಲುತುತ್ತದ ನೀರು ಸತುವನ್ನು ತಿನ್ನುತ್ತದೆ. ಬೋರ್ಡೋ ದ್ರಾವಣವನ್ನು ಸತು ಲೇಪಿಸಿದ ಪಾತ್ರೆಯಲ್ಲಿ ಕಲಸಬಾರದೆನ್ನುವುದೂ ಇದಕ್ಕೇ. ದ್ರಾವಣ ತಗಡಿನ ಮೇಲೆ ಬಿದ್ದರೆ ನೀರಿನಿಂದ ತೊಳೆಯಬೇಕು. ಪೊಟ್ಯಾಷ್ ಮುಂತಾದ ರಸಗೊಬ್ಬರದ ಚೀಲಗಳನ್ನು ಕಂಬಕ್ಕೂ ಗೋಡೆಯ ತಗಡಿಗೂ ತಾಗಿಸಿ ಒಟ್ಟಬಾರದು. ಹಸಿ ಸಿಮೆಂಟು ತಗಡಿಗೆ ಅಂಟದಂತೆ ನೋಡಿಕೊಳ್ಳಬೇಕು.

ತಗ್ಗಿನ ಸೂರಿಗೆ ದೋಣಿ ಕಟ್ಟಿದರೆ ಈ ಅಳತೆಯ ಚಾವಣಿಯಿಂದ 100 ಮಿ.ಮೀ. ಮಳೆಗೆ ಸುಮಾರು 2,500 ಲೀಟರು ನೀರು ದೊರೆಯುತ್ತದೆ. ಕಂಬದ ಬುಡ ಕೊರೆಯುವುದೂ ತಪ್ಪುತ್ತದೆ.

ಈಗಾಗಲೇ ತಗಡಿನ ಕೊಟ್ಟಿಗೆ ಇರುವವರು ಹೊಸದು ಕಟ್ಟುವವರೆಗೆ ಕಾಯಬೇಕಿಲ್ಲ. ಸೂರಿನ ಸಾಲಿನಲ್ಲಿ ಪ್ರತಿ ಉಬ್ಬಿಗೂ ಸ್ಕ್ರೂ ಇದೆಯೇ, ಪರ್ಲಿನ್ ತೊಲೆಗೆ ಪೂರ್ತಿ ಬೆಸೆದಿದೆಯೇ, ಕಂಬ ಕಾಂಕ್ರೀಟಿನಲ್ಲಿ ಕೂತಿದೆಯೇ ಎಂಬ ಮೂರನ್ನು ನೋಡಿಕೊಂಡು, ಕೊರತೆಯಿದ್ದಲ್ಲಿ ಸರಿಪಡಿಸಬೇಕು. ಹೆಚ್ಚೆಂದರೆ ಇದು ಎರಡು ಮೂರು ದಿನದ ಕೆಲಸ. ಮೊದಲ ಗುಡುಗು ಮಳೆಗೆ ಮುಂಚೆ ಮುಗಿಸಿಕೊಂಡರೆ ಯಂತ್ರವೂ ಉಳಿಯುತ್ತದೆ, ಅಂಗಳದಲ್ಲಿ ಓಡಾಡುವವರಿಗೂ ಅಪಾಯವಿರುವುದಿಲ್ಲ.